ರಿಪೋರ್ಟಿನ ಕೊನೆಯ ಸಾಲು

"ಅವನದ್ದು ಮುಗೀತಂತೆ, ನಂದು ಯಾಕೆ ಇನ್ನೂ ಮುಗಿದಿಲ್ಲ ಮಾಮ?"

ಕಳೆದ ಭಾನುವಾರ ಅಕ್ಕನ ಮನೆಯಲ್ಲಿ ದೋಸೆ ಮುರಿಯುತ್ತಾ ಪುಟ್ಟ ಕೇಳಿದ ಪ್ರಶ್ನೆ ಇದು. ಅವನಿಗೀಗ ಎಂಟು ವರ್ಷ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಪಕ್ಕದ ಬೆಡ್‌ನಲ್ಲಿದ್ದ ಹುಡುಗನಿಗೂ ಇವನಿಗೂ ಒಂದೇ ಕಾಯಿಲೆ, ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯ. ರಕ್ತದ ಕ್ಯಾನ್ಸರ್. ಇಬ್ಬರಿಗೂ ಒಂದೇ ವಾರ ಚಿಕಿತ್ಸೆ ಶುರುವಾಗಿತ್ತು. ಆ ಹುಡುಗ ಮೊನ್ನೆ ಕೊನೆಯ ಮಾತ್ರೆ ನುಂಗಿ ಕೇಕ್ ಕತ್ತರಿಸಿದ ಫೋಟೊ ಅಕ್ಕನ ಫೋನಿಗೆ ಬಂದಿದೆ. ಪುಟ್ಟನಿಗೆ ಇನ್ನೂ ಒಂದು ವರ್ಷ ಬಾಕಿ. ನಾನು "ನಿನ್ನ ಕಾಯಿಲೆ ಸ್ವಲ್ಪ ಜಾಸ್ತಿ ಹಠಮಾರಿ ಕಣೋ" ಅಂತ ಏನೋ ಹೇಳಿ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡೆ. ಅವನಿಗೆ ಹೇಳಲಾಗದ್ದನ್ನು ಈ ವಾರ ನಿಮಗೆ ಹೇಳ್ತೀನಿ.

ಚಿಕಿತ್ಸೆ ಶುರುವಾಗಿ ಒಂದು ತಿಂಗಳಾಗಿತ್ತು. ನಾನು ರಿಲೀಸ್ ಕಾಲ್‌ನಲ್ಲಿದ್ದಾಗ ಅಕ್ಕನ ವಾಟ್ಸ್‌ಆ್ಯಪ್ ಬಂತು. ಒಂದು ರಿಪೋರ್ಟಿನ ಫೋಟೊ, ಕೆಳಗೆ "ನೀನು ಇಂಜಿನಿಯರ್ ಅಲ್ವಾ, ಇದೇನು ಅಂತ ನೋಡಿ ಹೇಳೋ". ನಾನು ಕೋಡ್ ಬರೆಯುವವನು. ಆದರೆ ನಮ್ಮನೇಲಿ ಇಂಜಿನಿಯರ್ ಅಂದ್ರೆ ಕೆಟ್ಟ ಮಿಕ್ಸಿಯಿಂದ ಹಿಡಿದು ಬೋನ್ ಮ್ಯಾರೋ ರಿಪೋರ್ಟ್‌ವರೆಗೆ ಎಲ್ಲದಕ್ಕೂ ಅವನೇ. ಕೊನೆಯ ಸಾಲು ಹೀಗಿತ್ತು: ಐಕೆಝಡ್‌ಎಫ್1, ಎಕ್ಸಾನ್ 4ರಿಂದ 7, ಡಿಲೀಷನ್.

ಆ ಸಾಲನ್ನು ನೋಡಿಯೇ ಡಾಕ್ಟ್ರು ಎರಡು ವರ್ಷದ ಚಿಕಿತ್ಸೆಯನ್ನು ಮೂರು ವರ್ಷ ಮಾಡಬೇಕು ಅಂದಿದ್ದರು. ಕಾರಣವನ್ನೂ ವಿವರಿಸಿದ್ದರು. ಆದರೆ "ಇನ್ನೊಂದು ವರ್ಷ" ಅನ್ನೋದು ಕಿವಿಗೆ ಬಿದ್ದ ಮೇಲೆ ಅಕ್ಕನಿಗೆ ಬೇರೇನೂ ಕೇಳಿಸಿಲ್ಲ. ಜೀನ್ ಅನ್ನೋ ಪದ ಮಾತ್ರ ಮನೆಗೆ ಬಂತು. ಅವಳ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಯಾರ ಕಡೆಯಿಂದ ಬಂತಂತೆ?"

ಮೂರು ರಾತ್ರಿ ಕೂತು ಓದಿದೆ. ಆಮೇಲೆ ಪುಟ್ಟನ ಡಾಕ್ಟ್ರ ಹತ್ತಿರವೂ ಹೋಗಿ, ನಾನು ಓದಿದ್ದು ಸರಿಯೋ ತಪ್ಪೋ ಅಂತ ಕೇಳಿಕೊಂಡು ಬಂದೆ.

ಐಕೆಝಡ್‌ಎಫ್1 ಅನ್ನೋ ಜೀನ್ ತಯಾರಿಸುವ ಪ್ರೊಟೀನ್‌ನ ಹೆಸರು ಇಕಾರೋಸ್. 1992ರಲ್ಲಿ ಕಾಟಿಯಾ ಜಾರ್ಜೊಪೌಲೋಸ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಇದನ್ನು ಗುರುತಿಸಿತು. ಗ್ರೀಕ್ ಪುರಾಣದಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ ಬಿದ್ದನಲ್ಲ, ಅವನ ಹೆಸರು. ಅಮ್ಮನಿಗೆ ಹೇಳಿದ್ರೆ "ಅಯ್ಯೋ, ನಮ್ಮ ಸಂಪಾತಿ ಕಥೆ ಅಲ್ವೇನೋ" ಅಂದಳು.

ಇದರ ಕೆಲಸ ಸಾಫ್ಟ್‌ವೇರ್‌ನವರಿಗೆ ಬೇಗ ಅರ್ಥವಾಗುತ್ತೆ. ನಮ್ಮ ಎಲ್ಲಾ ಜೀವಕೋಶಗಳಲ್ಲೂ ಇರೋದು ಹೆಚ್ಚುಕಡಿಮೆ ಒಂದೇ ಕೋಡ್‌ಬೇಸ್. ಚರ್ಮದ ಕೋಶ ಚರ್ಮವಾಗೋದು, ರಕ್ತದ ಕೋಶ ರಕ್ತವಾಗೋದು ಯಾವ ಜೀನ್ ಆನ್, ಯಾವುದು ಆಫ್ ಅನ್ನೋದರಿಂದ. ಡಿಎನ್ಎ ಮೇಲೆ ಕೂತು ಈ ಸ್ವಿಚ್ ಒತ್ತುವ ಪ್ರೊಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಎಳೆ ಬಿಳಿ ರಕ್ತಕಣಕ್ಕೆ "ಸಾಕು ಆಟ, ಬೆಳೆದು ಕೆಲಸಕ್ಕೆ ಹೋಗು" ಅಂತ ಹೇಳೋ ಹಿರಿಯರಲ್ಲಿ ಇಕಾರೋಸ್ ಮುಖ್ಯ.

ಡಿಎನ್ಎಯನ್ನು ಅದು ಹಿಡಿಯೋದು ಬೆರಳಿನಿಂದ. ಝಿಂಕ್ ಫಿಂಗರ್ ಅಂತಲೇ ಹೆಸರು. 1985ರಲ್ಲಿ ಕೇಂಬ್ರಿಜ್‌ನಲ್ಲಿ ಆರನ್ ಕ್ಲೂಗ್ ಅವರ ತಂಡ ಆಫ್ರಿಕಾದ ಕಪ್ಪೆಯೊಂದರ ಪ್ರೊಟೀನ್‌ನಲ್ಲಿ ಈ ರಚನೆಯನ್ನು ಮೊದಲು ಗುರುತಿಸಿತು. ಸುಮಾರು 30 ಅಮೈನೊ ಆಮ್ಲಗಳ ಒಂದು ಎಳೆ ಮಡಿಚಿಕೊಂಡಿರುತ್ತೆ, ಆ ಮಡಿಕೆ ಬಿಚ್ಚದ ಹಾಗೆ ನಡುವೆ ಒಂದೇ ಒಂದು ಸತುವಿನ ಪರಮಾಣು. ಸೀರೆ ನೆರಿಗೆಗೆ ಚುಚ್ಚುವ ಪಿನ್ ಇದ್ದ ಹಾಗೆ. ಇಕಾರೋಸ್‌ಗೆ ಇಂಥ ಬೆರಳು ಆರು. ಮುಂದಿನ ನಾಲ್ಕು ಡಿಎನ್ಎ ಹಿಡಿಯೋಕೆ. ಹಿಂದಿನ ಎರಡು ಇನ್ನೊಂದು ಇಕಾರೋಸ್‌ನ ಕೈ ಹಿಡಿಯೋಕೆ, ಯಾಕಂದ್ರೆ ಇದು ಜೋಡಿಯಾಗಿಯೇ ಕೆಲಸ ಮಾಡುವ ಪ್ರೊಟೀನ್.

(ಸತು ಅಂದ ಕೂಡಲೇ ನೆಂಟರೊಬ್ಬರು ಝಿಂಕ್ ಮಾತ್ರೆ, ಕುಂಬಳ ಬೀಜ ಎಲ್ಲಾ ತಂದುಕೊಟ್ಟರು. ದೇಹದಲ್ಲಿ ಸತು ಕಮ್ಮಿಯಾಗಿ ಬಂದ ತೊಂದರೆ ಇದಲ್ಲ. ಪಿನ್ನಿನ ಡಬ್ಬ ತಂದಿಟ್ಟರೆ ಹರಿದ ಸೀರೆ ಸರಿಹೋಗಲ್ಲ. ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಡಾಕ್ಟ್ರನ್ನು ಕೇಳದೆ ಏನನ್ನೂ ಕೊಡಬೇಡಿ, ದಯವಿಟ್ಟು.)

ಈಗ ಪುಟ್ಟನ ರಿಪೋರ್ಟಿಗೆ ಬರೋಣ. ಜೀನ್‌ನಲ್ಲಿ ಎಕ್ಸಾನ್ 4ರಿಂದ 7ರವರೆಗಿನ ತುಂಡು ಹಾರಿಹೋದರೆ ಮುಂದಿನ ನಾಲ್ಕೂ ಬೆರಳು ಇಲ್ಲ. ಹಿಂದಿನ ಎರಡು ಮಾತ್ರ ಇವೆ. ಈ ಮೊಂಡು ಪ್ರೊಟೀನ್‌ಗೆ ಐಕೆ6 ಅಂತಾರೆ. ನಮಗೆ ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತೆ, ಒಂದು ಕೆಟ್ಟರೆ ಇನ್ನೊಂದು ಇದೆಯಲ್ಲ, ಬ್ಯಾಕಪ್, ಅಂದುಕೊಂಡೆ. ಇಲ್ಲೇ ತೊಂದರೆ ಇರೋದು. ಐಕೆ6 ಸುಮ್ಮನೆ ಮೂಲೆಯಲ್ಲಿ ಕೂರಲ್ಲ. ಹಿಂದಿನ ಬೆರಳಿನಿಂದ ಒಳ್ಳೆಯ ಇಕಾರೋಸ್‌ನ ಕೈ ಹಿಡಿದು ಜೋಡಿಯಾಗುತ್ತೆ, ಅದನ್ನೂ ಕೆಲಸ ಮಾಡೋಕೆ ಬಿಡಲ್ಲ. ಪೇರ್ ಪ್ರೋಗ್ರಾಮಿಂಗ್‌ಗೆ ಬಂದು ಕೀಬೋರ್ಡ್ ಹಿಡಿದುಕೊಂಡು, ತಾನೂ ಟೈಪ್ ಮಾಡದೆ ನಿಮಗೂ ಕೊಡದೆ ಕೂತಿರುವ ಸಹೋದ್ಯೋಗಿಯನ್ನು ನೆನೆಸಿಕೊಳ್ಳಿ. ಅವನು ರಜಾ ಹಾಕಿದ್ದರೇ ಎಷ್ಟೋ ಮೇಲಿತ್ತು. ಎಳೆಯ ಕಣಗಳು ಎಳೆಯವಾಗಿಯೇ ಉಳಿದು ಹೆಚ್ಚುತ್ತಾ ಹೋಗೋಕೆ ಇದು ದಾರಿ ಮಾಡಿಕೊಡುತ್ತೆ. ಒಂದೇ ತಪ್ಪಿನಿಂದ ಕ್ಯಾನ್ಸರ್ ಬರಲ್ಲ, ಬೇರೆ ತಪ್ಪುಗಳೂ ಕೂಡಬೇಕು. ಫಿಲಡೆಲ್ಫಿಯಾ ಕ್ರೋಮೊಸೋಮ್ ಇರುವ ಲ್ಯುಕೇಮಿಯದಲ್ಲಿ ಹತ್ತರಲ್ಲಿ ಎಂಟು ರೋಗಿಗಳಿಗೆ ಇಕಾರೋಸ್ ಜೀನ್ ಹರಿದಿರುತ್ತೆ ಅಂತ 2008ರಲ್ಲಿ ಗೊತ್ತಾಯಿತು. ಪುಟ್ಟನಿಗೆ ಆ ಕ್ರೋಮೊಸೋಮ್ ಇರಲಿಲ್ಲ. ಅದು ಇಲ್ಲದಿದ್ದರೂ ಈ ಹರಿತ ಸಾಕಷ್ಟು ಮಕ್ಕಳಲ್ಲಿ ಕಾಣುತ್ತೆ. ಮಕ್ಕಳ ಬಿ-ಸೆಲ್ ಲ್ಯುಕೇಮಿಯವನ್ನೆಲ್ಲ ಸೇರಿಸಿ ನೋಡಿದರೆ ನೂರರಲ್ಲಿ ಸುಮಾರು 15.

ಇನ್ನು ಅತ್ತೆಯ ಪ್ರಶ್ನೆ. ಯಾರ ಕಡೆಯಿಂದ ಬಂತು?

ನಾನು ಅತಿ ಹೆಚ್ಚು ಹೊತ್ತು ಓದಿದ್ದು ಇದನ್ನೇ. ಬಿ ಕಣಗಳು ಬೆಳೆಯುವಾಗ ದೇಹದ ಬಹುತೇಕ ಕೋಶಗಳು ಮಾಡದ ಒಂದು ಕೆಲಸ ಮಾಡುತ್ತವೆ. ಲೆಕ್ಕವಿಲ್ಲದಷ್ಟು ಬಗೆಯ ರೋಗಾಣುಗಳಿಗೆ ಪ್ರತಿಕಾಯ ತಯಾರಿಸಬೇಕಲ್ಲ, ಅದಕ್ಕೆ ತಮ್ಮದೇ ಡಿಎನ್ಎಯನ್ನು ಕತ್ತರಿಸಿ ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತವೆ. ಕತ್ತರಿ ರ‍್ಯಾಗ್ ಎಂಬ ಕಿಣ್ವ. ಡಿಎನ್ಎಯಲ್ಲಿ ಒಂದು ನಿರ್ದಿಷ್ಟ ಗುರುತು ಕಂಡಲ್ಲಿ ಅದು ಕತ್ತರಿಸುತ್ತೆ. ಇಕಾರೋಸ್ ಜೀನ್‌ನ ಒಳಗೂ ಅಂಥದ್ದೇ ಅಕ್ಷರಗಳ ಸಾಲುಗಳಿವೆ. ಒಮ್ಮೊಮ್ಮೆ ಕತ್ತರಿ ಅಲ್ಲಿಗೂ ಬೀಳುತ್ತೆ. ಪ್ಯಾಟರ್ನ್ ಸಡಿಲವಾಗಿ ಬರೆದು ಡಿಲೀಟ್ ಸ್ಕ್ರಿಪ್ಟ್ ಓಡಿಸಿ, ಬೇಡದ ಫೋಲ್ಡರ್ ಜೊತೆ ಬೇಕಾದ್ದೂ ಹೋದ ಅನುಭವ ನನಗಂತೂ ಆಗಿದೆ.

ಅಂದರೆ ಇದು ಪುಟ್ಟ ಹುಟ್ಟುವಾಗ ತಂದಿದ್ದಲ್ಲ. ಅವನ ಮಜ್ಜೆಯ ಒಂದು ಕಣದಲ್ಲಿ ಆದ ತಪ್ಪು, ಆ ಕಣದ ಸಂತತಿಯಲ್ಲಿ ಮಾತ್ರ ಇದೆ. ಹುಟ್ಟಿನಿಂದಲೇ ಇಕಾರೋಸ್ ದೋಷ ಇರುವ ಕುಟುಂಬಗಳು ಇವೆ, ಆದರೆ ತೀರಾ ಅಪರೂಪ, ನಮ್ಮದು ಆ ಲೆಕ್ಕ ಅಲ್ಲ ಅಂತ ಡಾಕ್ಟ್ರು ಸ್ಪಷ್ಟವಾಗಿ ಹೇಳಿದರು. ಅದನ್ನು ಕನ್ನಡದಲ್ಲಿ ಒಂದು ಹಾಳೆ ಮೇಲೆ ಬರೆದು ಅಕ್ಕನಿಗೆ ಕೊಟ್ಟೆ. ಅವಳು ಎರಡು ಸಲ ಓದಿದಳು. "ಬಸುರಿಯಲ್ಲಿ ನಾನು ತಿಂದಿದ್ದಕ್ಕೆ, ಮಾಡಿದ್ದಕ್ಕೆ ಏನೂ ಸಂಬಂಧ ಇಲ್ವಾ?" ಅಂದಳು. ಇಲ್ಲ ಅಂದೆ. ಒಂದು ತಿಂಗಳಿಂದ ಅದನ್ನೇ ಇಟ್ಟುಕೊಂಡು ಕೂತಿದ್ದಳು ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಭಾವ ಆ ಹಾಳೆಯನ್ನು ಅವರಮ್ಮನಿಗೂ ಓದಿ ಹೇಳಿದರು. ಅತ್ತೆ ಏನೂ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ಅಕ್ಕನಿಗಿಂತ ಮುಂಚೆ ಎದ್ದು ಪುಟ್ಟನಿಗೆ ಗಂಜಿ ಮಾಡಿಟ್ಟಿದ್ದರಂತೆ.

ಹಾಗಾದರೆ ಒಂದು ವರ್ಷ ಹೆಚ್ಚಿಗೆ ಯಾಕೆ? ಇಕಾರೋಸ್ ಹರಿದಿರುವ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು ಅನ್ನೋದು 2009ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಗಟ್ಟಿಯಾಯಿತು. ಆಮೇಲೆ ನೆದರ್ಲೆಂಡ್ಸ್‌ನ ವೈದ್ಯರು ತಮ್ಮ ಎಎಲ್ಎಲ್-11 ಎಂಬ ಚಿಕಿತ್ಸಾ ಕ್ರಮದಲ್ಲಿ ಇಂಥ ಮಕ್ಕಳಿಗೆ ಮಾತ್ರೆಯ ಹಂತವನ್ನು ಒಂದು ವರ್ಷ ಮುಂದುವರಿಸಿ ನೋಡಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರದೇ ಹಿಂದಿನ ಕ್ರಮದ ಮಕ್ಕಳಿಗೆ ಹೋಲಿಸಿದರೆ ಮರುಕಳಿಸುವಿಕೆ ಸಾಕಷ್ಟು ಕಡಿಮೆಯಾಗಿತ್ತು. ಎಲ್ಲ ಕಡೆ ಎಲ್ಲರೂ ಹೀಗೆಯೇ ಮಾಡ್ತಾರೆ ಅಂತಲ್ಲ. ಮೊದಲ ತಿಂಗಳ ಕೊನೆಗೆ ಎಷ್ಟು ಕ್ಯಾನ್ಸರ್ ಕಣ ಉಳಿದಿವೆ ಅನ್ನೋ ಎಂಆರ್‌ಡಿ ಪರೀಕ್ಷೆಯನ್ನೂ ನೋಡ್ತಾರೆ, ಜೊತೆಗೆ ಬೇರೆ ಜೀನ್‌ಗಳನ್ನೂ. ಪುಟ್ಟನ ಎಂಆರ್‌ಡಿ ಚೆನ್ನಾಗಿತ್ತು. ಅದಕ್ಕೇ ಕಸಿ ಗಿಸಿ ಅಂತ ಹೋಗದೆ ಬರೀ ಒಂದು ವರ್ಷ ಹೆಚ್ಚು.

ಈಗ ದಿನಾ ಒಂದು ಮಾತ್ರೆ, ಪ್ರತಿ ಮಂಗಳವಾರ ಮೆಥೋಟ್ರೆಕ್ಸೇಟ್. ಆ ಜಾತಿಯ ಔಷಧಗಳನ್ನು ಮೊದಲು ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮಂಗಳವಾರ ರಾತ್ರಿ ಎಂಟಕ್ಕೆ ಅಕ್ಕನ ಫೋನಿನಲ್ಲಿ ಅಲಾರಂ ಹೊಡೆಯುತ್ತೆ, ಪುಟ್ಟ ಮುಖ ಕಿವುಚಿಕೊಂಡು ನುಂಗುತ್ತಾನೆ.

ದೋಸೆ ಮುಗಿದ ಮೇಲೆ ಅವನೇ ಒಂದು ಪರಿಹಾರ ಹೇಳಿದ. "ಮಾಮ, ನೀನು ಆ್ಯಪ್ ಮಾಡ್ತೀಯಲ್ಲ? ಎಷ್ಟು ಮಂಗಳವಾರ ಉಳಿದಿದೆ ಅಂತ ತೋರಿಸೋದು ಒಂದು ಮಾಡ್ಕೊಡು." ಅವತ್ತು ಸಂಜೆಯೇ ಮಾಡಿಕೊಟ್ಟೆ. 49 ಅಂತ ತೋರಿಸ್ತಿದೆ. ಬಣ್ಣ ಚೆನ್ನಾಗಿಲ್ಲವಂತೆ, ಡೈನೋಸಾರ್ ಬೇಕಂತೆ.