ಕುಂಬಾರನಿಗೆ ವರುಷ, ಕಂಪ್ಯೂಟರಿಗೆ?

ಮೊನ್ನೆ ನಮ್ಮ ಮನೆಯಲ್ಲಿ ಪಿಂಗಾಣಿ ಕಪ್ಪೊಂದು ಕೈಜಾರಿ ಬಿದ್ದು ಚೂರುಚೂರಾಯಿತು. ಚೂರುಗಳನ್ನು ಗುಡಿಸಿ ಹಳೆಯ ಪೇಪರಿಗೆ ಸುತ್ತುತ್ತಿದ್ದಾಗ ಐದನೇ ಕ್ಲಾಸಿನ ಮೊಮ್ಮಗಳು ಕೇಳಿದಳು: "ತಾತ, ಇದು ಮಣ್ಣಿಂದ ಮಾಡಿದ್ದಲ್ವಾ? ಬಕೆಟ್ ನೀರಲ್ಲಿ ನೆನೆಹಾಕಿದ್ರೆ ಮತ್ತೆ ಮಣ್ಣಾಗಲ್ವಾ? ಇನ್ನೊಂದು ಕಪ್ ಮಾಡ್ಕೋಬಹುದಲ್ಲ!"

ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇಂಗ್ಲೆಂಡಿನ ಕುಂಬಾರರೊಬ್ಬರ ಕೆಲಸ ನೆನಪಾಯಿತು. ಅವರು ಮಾಡುತ್ತಿರುವುದೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ ಇದೆ. ಈ ವಾರ ಅವರ ಕಥೆ. ಅದಕ್ಕೆ ಮುನ್ನ ಹುಡುಗಿಗೆ ಉತ್ತರ ಕೊಡಬೇಕು.

ಪಿಂಗಾಣಿಗೆ ಬೇಕಾದ ಮುಖ್ಯ ವಸ್ತು ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು. ಅದರ ಜೊತೆಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ನುಣುಪಾದ ಪುಡಿ ಸೇರುತ್ತದೆ. ಸುಮಾರಾಗಿ ಅರ್ಧ ಪಾಲು ಕೇಯೊಲಿನ್, ಉಳಿದ ಎರಡೂ ಕಾಲು ಕಾಲು ಪಾಲು. ನೀರು ಹಾಕಿ ನಾದಿದರೆ ಇದು ಹಿಟ್ಟಿನ ಮುದ್ದೆಯಂತಾಗುತ್ತದೆ. ಒಣಗಿಸಿದರೆ ಗಟ್ಟಿಯಾಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಮತ್ತೆ ಕೆಸರು. ಇಷ್ಟರವರೆಗೆ ಮೊಮ್ಮಗಳು ಹೇಳಿದ್ದೇ ಸರಿ.

ಒಲೆಗೆ ಹಾಕಿದ ಮೇಲೆ ಮಾತ್ರ ಕಥೆ ಬೇರೆ. ಕೇಯೊಲಿನ್ನಿನ ಒಳಗೆ, ನಾದುವಾಗ ನಾವು ಹಾಕಿದ ನೀರಲ್ಲದೆ, ಅದರ ರಚನೆಯಲ್ಲೇ ಬೆಸೆದುಕೊಂಡ ನೀರಿನಂಶವೂ ಇದೆ. ತೂಕದಲ್ಲಿ ಅದು ಶೇಕಡಾ 14ರಷ್ಟು. ಬಿಸಿ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ತಲಪುವ ಹೊತ್ತಿಗೆ ಅದೂ ಹೊರಟುಹೋಗುತ್ತದೆ. ಹೋದದ್ದು ನೀರು ಹಾಕಿದರೆ ಹಿಂದಿರುಗುವುದಿಲ್ಲ. ಮುಂದೆ 1,300 ಡಿಗ್ರಿಯ ಆಸುಪಾಸಿನಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಸಂದುಗೊಂದುಗಳನ್ನು ತುಂಬುತ್ತದೆ. ನಡುವೆ ಮುಲೈಟ್ ಎಂಬ ಸೂಜಿಯಂಥ ಹರಳುಗಳು ಹೆಣೆದುಕೊಳ್ಳುತ್ತವೆ. ವಿದ್ಯುತ್ ಕಂಬದ ಮೇಲಿನ ಬಿಳಿ ಇನ್ಸುಲೇಟರು ಬಿಸಿಲು ಮಳೆಗೆ ಜಗ್ಗದೆ ವರ್ಷಗಟ್ಟಲೆ ಕುಳಿತಿರುವುದು ಇದರ ಬಲದಿಂದಲೇ. ಅಂದರೆ ಸುಡುವ ಮುಂಚೆ ಮಣ್ಣು ನಮ್ಮ ಎಷ್ಟು ತಪ್ಪನ್ನಾದರೂ ಕ್ಷಮಿಸುತ್ತದೆ. ಸುಟ್ಟ ಮೇಲೆ ಒಂದನ್ನೂ ಕ್ಷಮಿಸುವುದಿಲ್ಲ.

ಈಗ ಕುಂಬಾರರ ವಿಷಯಕ್ಕೆ ಬರೋಣ. ಹೆಸರು ಜೊನಾಥನ್ ಕೀಪ್. 1958ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ ಹುಟ್ಟಿದವರು. ಆಮೇಲೆ ಇಂಗ್ಲೆಂಡಿಗೆ ಬಂದು ಸಫೋಕ್ ಪ್ರಾಂತ್ಯದಲ್ಲಿ ನೆಲೆಸಿದರು. ಅವರು ಕಂಪ್ಯೂಟರ್ ಓದಿ ಮಣ್ಣಿಗೆ ಬಂದವರಲ್ಲ. ಮೊದಲು ಕುಂಬಾರರು, ವರ್ಷಗಟ್ಟಲೆ ಮಣ್ಣಿನಲ್ಲಿ ಕೈ ಪಳಗಿಸಿಕೊಂಡವರು. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ, 2002ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಕಾರಗಳನ್ನು ಕಂಪ್ಯೂಟರಿನಲ್ಲಿ ಬೆಳೆಸುವ ವಿದ್ಯೆ ಕಲಿತರು. ಪರದೆಯ ಮೇಲೆ ಹುಟ್ಟಿದ ಆಕಾರ ಮಣ್ಣಿಗೆ ಇಳಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಅವರ ಬೆನ್ನುಹತ್ತಿತು.

ಉತ್ತರ ಸಿಕ್ಕಿದ್ದು ತ್ರೀಡಿ ಪ್ರಿಂಟರಿನಲ್ಲಿ. ಈ ಯಂತ್ರಗಳು 1980ರ ದಶಕದಿಂದಲೇ ಇದ್ದವು. ಆದರೆ ಬೆಲೆ ದೊಡ್ಡ ಕಂಪನಿಗಳಿಗೆ ಮಾತ್ರ ಎಟುಕುವಂಥದ್ದು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್, ತನ್ನ ಬಿಡಿಭಾಗಗಳಲ್ಲಿ ಎಷ್ಟೋ ಭಾಗವನ್ನು ತಾನೇ ಮಾಡಿಕೊಳ್ಳಬಲ್ಲ ಅಗ್ಗದ ಪ್ರಿಂಟರಿನ ಯೋಜನೆ ಶುರುಮಾಡಿದರು. ಅದರ ಹೆಸರು ರೆಪ್‌ರ್ಯಾಪ್. ನಕ್ಷೆಗಳನ್ನೆಲ್ಲ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಆ ಯಂತ್ರ ಕರಗಿಸಿ ಎಳೆಯುತ್ತಿದ್ದುದು ಪ್ಲಾಸ್ಟಿಕ್ಕನ್ನು. 2009ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ನಗರದ ಅನ್‌ಫೋಲ್ಡ್ ಎಂಬ ಸ್ಟುಡಿಯೋದವರು, ಕ್ಲೇರ್ ವಾರ್ನಿಯೆ ಮತ್ತು ಡ್ರೀಸ್ ಫರ್ಬ್ರುಗೆನ್, ಪ್ಲಾಸ್ಟಿಕ್ಕಿನ ಬದಲು ಮಣ್ಣನ್ನು ಹೊರಡಿಸಿ ನೋಡಿದರು. ಮಾಡಿದ್ದನ್ನು ಬಚ್ಚಿಡದೆ ಪ್ರಕಟಿಸಿದರು. ಕೀಪ್ ಆ ದಾರಿಯಲ್ಲಿ ಮುಂದುವರಿದು, ಮಣ್ಣಿಗೆಂದೇ ಮೂರು ಕಂಬಗಳ ಯಂತ್ರವೊಂದನ್ನು ರೂಪಿಸಿದರು. 2013ರಲ್ಲಿ ಅದರ ನಕ್ಷೆಯನ್ನು ಅವರೂ ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು.

ಇದರ ಬೆಲೆ ತಿಳಿಯಬೇಕಾದರೆ ಪಿಂಗಾಣಿಯ ಹಳೆಯ ಕಥೆ ಗೊತ್ತಿರಬೇಕು. ಶತಮಾನಗಳ ಕಾಲ ಪಿಂಗಾಣಿ ಚೀನಾದ ಗುಟ್ಟಾಗಿತ್ತು. ಅಲ್ಲಿಯ ಜಿಂಗ್‌ದೆಜೆನ್ ಊರು ಅದಕ್ಕೆ ತವರು. ಕೇಯೊಲಿನ್ ಎಂಬ ಹೆಸರು ಬಂದದ್ದೇ ಆ ಊರಿನ ಬಳಿಯ ಗಾವೊಲಿಂಗ್ ಎಂಬಲ್ಲಿಂದ. ಯುರೋಪಿನ ರಾಜರು ಪಿಂಗಾಣಿಗೆ ಚಿನ್ನ ಸುರಿಯುತ್ತಿದ್ದರು. ಸ್ಯಾಕ್ಸನಿಯ ದೊರೆ ಆಗಸ್ಟಸ್, ಬಟ್ಗರ್ ಎಂಬ ರಸವಾದಿ ತರುಣನನ್ನು ಚಿನ್ನ ಮಾಡಿಕೊಡೆಂದು ಸೆರೆಯಲ್ಲಿಟ್ಟ. ಆತನಿಂದ ಚಿನ್ನ ಆಗಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ 1708ರ ಹೊತ್ತಿಗೆ ಪಿಂಗಾಣಿಯ ಕೀಲಿ ಕಂಡುಹಿಡಿದ. 1710ರಲ್ಲಿ ಮೈಸೆನ್ ಊರಿನ ಕೋಟೆಯೊಳಗೆ ಕಾರ್ಖಾನೆ ಎದ್ದಿತು. ಗುಟ್ಟು ಹೊರಗೆ ಹೋಗಬಾರದೆಂದೇ ಕೋಟೆ! ಅಷ್ಟು ಕಾವಲಿದ್ದರೂ ಹತ್ತು ವರ್ಷದೊಳಗೆ ಅದು ವಿಯೆನ್ನಾಕ್ಕೆ ಸೋರಿಹೋಯಿತು. ಒಬ್ಬ ಮನುಷ್ಯನನ್ನು ಸೆರೆಯಲ್ಲಿಟ್ಟು ಪಡೆದ ವಿದ್ಯೆ ಎಲ್ಲಿ, ತನ್ನ ಯಂತ್ರದ ನಕ್ಷೆಯನ್ನು ಕೇಳಿದವರಿಗೆಲ್ಲ ಕೊಡುವ ಕುಂಬಾರ ಎಲ್ಲಿ!

ಹಾಗಾದರೆ ಯಂತ್ರ ಮಾಡುವುದೇನು? ನಿಮ್ಮಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಮಣ್ಣನ್ನು ಹಾವಿನಂತೆ ಹೊಸೆದು, ಸುರುಳಿ ಸುತ್ತಿ, ಒಂದರ ಮೇಲೊಂದು ಪೇರಿಸಿ ಗಡಿಗೆ ಮಾಡಿರುತ್ತೀರಿ. ತಿಗರಿ ಹುಟ್ಟುವುದಕ್ಕೂ ಮುಂಚಿನ ವಿಧಾನ ಅದು. ಕೀಪ್ ಅವರ ಯಂತ್ರ ಮಾಡುವುದೂ ಅಷ್ಟೇ. ಕೊಳವೆಯಲ್ಲಿ ಮೆತುವಾದ ಮಣ್ಣು ತುಂಬಿರುತ್ತದೆ. ಹಿಂದಿನಿಂದ ಒತ್ತಡ ಕೊಟ್ಟರೆ ಮುಂದಿನ ಸಣ್ಣ ಮೂತಿಯಿಂದ ಶಾವಿಗೆಯಂತೆ ಹೊರಬರುತ್ತದೆ. ಚಕ್ಕುಲಿ ಒರಳು ಒತ್ತುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಮೂತಿ ಎಲ್ಲಿಗೆ ಹೋಗಬೇಕು, ಎಷ್ಟು ವೇಗವಾಗಿ ಹೋಗಬೇಕು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಎಳೆಯ ಮೇಲೆ ಎಳೆ ಕುಳಿತು ಪಾತ್ರೆ ಮೇಲೇಳುತ್ತದೆ. ಗೆರೆಗೆರೆಯಾದ ಆ ಮೈಯನ್ನು ಉಜ್ಜಿ ಅಳಿಸದೆ ಹಾಗೇ ಬಿಟ್ಟರೆ ಅದೂ ಒಂದು ಚೆಲುವೇ. ಕೀಪ್ ಅವರ ಹಿಮಗಡ್ಡೆಗಳ ಸರಣಿ ಹೀಗೆ ಪಿಂಗಾಣಿಯಲ್ಲಿ ಮುದ್ರಿಸಿದ್ದು. ಅದರ ಆಕಾರಗಳು ಕೈಯಲ್ಲಿ ಬಿಡಿಸಿದ ಚಿತ್ರಗಳಲ್ಲ, ಬರೆದ ಸೂತ್ರಗಳಿಂದ ಕಂಪ್ಯೂಟರಿನಲ್ಲಿ ಬೆಳೆದವು.

ಪರಿಸರಕ್ಕೆ ಇದರಿಂದ ಲಾಭವೇನು ಎಂದು ಕೇಳಬಹುದು. ಕಾರ್ಖಾನೆಗಳಲ್ಲಿ ಪಿಂಗಾಣಿ ಸಾಮಾನನ್ನು ಸಾಮಾನ್ಯವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಚ್ಚಿಗೆ ಮಣ್ಣಿನ ಹಾಲು ಹೊಯ್ದು ಮಾಡುತ್ತಾರೆ. ಹಲವಾರು ಬಾರಿ ಬಳಸಿದ ಮೇಲೆ ಅಚ್ಚು ಸವೆಯುತ್ತದೆ, ಅದನ್ನು ಎಸೆಯಬೇಕು. ಹೊಸ ಆಕಾರ ಬೇಕೆಂದರೆ ಮತ್ತೆ ಹೊಸ ಅಚ್ಚು. ಪ್ರಿಂಟರಿಗೆ ಅಚ್ಚೇ ಬೇಡ. ಬೇಕಾದಷ್ಟೇ ಮಣ್ಣು ಬೇಕಾದಲ್ಲಿ ಬೀಳುತ್ತದೆ. ಆಕಾರ ಸರಿಬರಲಿಲ್ಲವೇ? ಪರದೆಯ ಮೇಲೆಯೇ ಅಳಿಸಿ. ಮುದ್ರಿಸಿದ ಮೇಲೆ ಕುಸಿಯಿತೇ? ಬಕೆಟ್ಟಿಗೆ ಹಾಕಿ ನೆನೆಸಿ, ನಾದಿ, ಮತ್ತೆ ಕೊಳವೆಗೆ ತುಂಬಿ. ನಮ್ಮ ಮೊಮ್ಮಗಳು ಹೇಳಿದ ಬಕೆಟ್ ಇದೇ! ಯಂತ್ರವೂ ಬಿಚ್ಚಿ ರಿಪೇರಿ ಮಾಡಿಕೊಳ್ಳಬಹುದಾದದ್ದು. ಒಂದು ಭಾಗ ಹಾಳಾದರೆ ಇಡೀ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ.

ಆದರೆ ಒಂದು ಮಾತು ಮರೆಯಬಾರದು. ಪಿಂಗಾಣಿಯಲ್ಲಿ ನಿಜವಾದ ಖರ್ಚು ಇರುವುದು ಒಲೆಯಲ್ಲಿ. 1,300 ಡಿಗ್ರಿಗೆ ಏರಿಸಲು ಬೇಕಾಗುವ ಇಂಧನದ ಮುಂದೆ ಪ್ರಿಂಟರಿನ ಪುಟ್ಟ ಮೋಟಾರುಗಳ ವಿದ್ಯುತ್ತು ಲೆಕ್ಕಕ್ಕೇ ಇಲ್ಲ. ಆಕಾರ ಕೊಟ್ಟದ್ದು ಕಂಪ್ಯೂಟರ್ ಎಂದು ಒಲೆ ರಿಯಾಯಿತಿ ತೋರಿಸುವುದಿಲ್ಲ. ಹಾಗಾಗಿ 'ಡಿಜಿಟಲ್' ಎಂದ ಕೂಡಲೇ 'ಹಸಿರು' ಎಂದು ನಂಬಬೇಡಿ. ಉಳಿತಾಯ ಇರುವುದು ಒಂದೇ ಕಡೆ: ತಪ್ಪನ್ನೆಲ್ಲ ಒಲೆಯ ಈಚೆಗೇ ಮಾಡಿ ಮುಗಿಸುವುದರಲ್ಲಿ. ಸುಡಲು ಯೋಗ್ಯವಾದದ್ದನ್ನು ಮಾತ್ರ ಸುಡುವುದರಲ್ಲಿ.

ಸುಡಲು ಯೋಗ್ಯವೋ ಅಲ್ಲವೋ ಎಂದು ಹೇಳುವವರು ಯಾರು? ಕಂಪ್ಯೂಟರ್ ಹೇಳುವುದಿಲ್ಲ. ಪರದೆಯ ಮೇಲೆ ಎಲ್ಲ ಪಾತ್ರೆಯೂ ನೆಟ್ಟಗೇ ನಿಲ್ಲುತ್ತದೆ, ಅಲ್ಲಿ ಭಾರವೇ ಇಲ್ಲವಲ್ಲ! ಮಣ್ಣು ತುಸು ನೀರಾದರೆ ಗೋಡೆ ಜಗ್ಗುತ್ತದೆ. ತುಸು ಗಟ್ಟಿಯಾದರೆ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಾದುವಾಗ ಒಳಗೆ ಗಾಳಿ ಉಳಿದರೆ ನಡುವೆ 'ಪುಸ್' ಎಂದು ಸಿಡಿದು ಗೋಡೆಯಲ್ಲಿ ತೂತು ಬೀಳುತ್ತದೆ. ಪಿಂಗಾಣಿಯ ಮಣ್ಣಿಗೆ ನಮ್ಮ ಕೆರೆಯ ಜೇಡಿಯ ಅಂಟು ಇಲ್ಲ, ಅದು ಬೇಗ ಮುನಿಸಿಕೊಳ್ಳುವ ಜಾತಿ. ಅದಕ್ಕೆ ನೆನಪೂ ಹೆಚ್ಚು. ತಿಗರಿಯಲ್ಲಿ ತಿರುಗಿಸಿ ಮಾಡಿದ ಟೀ ಕುಡಿಕೆಯ ಮೂತಿ ಒಲೆಯಲ್ಲಿ ತುಸು ಹಿಂದಕ್ಕೆ ತಿರುಚಿಕೊಳ್ಳುವುದುಂಟು. ಬಲ್ಲ ಕುಂಬಾರ ಅದನ್ನು ಮೊದಲೇ ಲೆಕ್ಕ ಹಾಕಿ ಓರೆಯಾಗಿ ಕತ್ತರಿಸುತ್ತಾನೆ. ಇದನ್ನೆಲ್ಲ ಬೆರಳು ಕಲಿಯಬೇಕು.

ಶಾಲೆಯ ಲೆಕ್ಕವೂ ಬೇಕು. ಪಿಂಗಾಣಿ ಒಣಗಿ ಸುಡುವುದರೊಳಗೆ ಕುಗ್ಗುತ್ತದೆ. ಒಂದು ಮಣ್ಣು ಶೇಕಡಾ 13ರಷ್ಟು ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಸುಟ್ಟ ಮೇಲೆ 100 ಮಿಲಿಮೀಟರ್ ಎತ್ತರದ ಲೋಟ ಬೇಕು. ಮುದ್ರಿಸುವಾಗ ಎಷ್ಟು ಎತ್ತರ ಇರಬೇಕು? 113 ಎಂದಿರಾ? ತಪ್ಪು. 113ರಲ್ಲಿ ಶೇಕಡಾ 13 ಕಳೆದರೆ ಉಳಿಯುವುದು 98 ಚಿಲ್ಲರೆ. ನೂರನ್ನು 0.87ರಿಂದ ಭಾಗಿಸಬೇಕು. ಉತ್ತರ ಸುಮಾರು 115. ಒಂದು ಲೋಟಕ್ಕೆ ಮುಚ್ಚಳ ಕೂರುವುದೂ ಕೂರದಿರುವುದೂ ಈ ಎರಡು ಮಿಲಿಮೀಟರಿನಲ್ಲಿದೆ. ಶೇಕಡಾವಾರು ಲೆಕ್ಕ ಯಾಕೆ ಕಲಿಯಬೇಕು ಎಂದು ಮಗು ಕೇಳಿದರೆ ತಂದೆತಾಯಂದಿರು ಈ ಮುಚ್ಚಳ ತೋರಿಸಬಹುದು.

ತಂದೆತಾಯಂದಿರ ಹೆಸರೆತ್ತಿದ್ದರಿಂದ ಒಂದು ಮಾತು. "ಮಗ ಕಂಪ್ಯೂಟರ್ ಕಲೀಲಿ ಸ್ವಾಮಿ, ಈ ಮಣ್ಣುಮಸಿ ಯಾಕೆ?" ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. "ಈ ಕಂಪ್ಯೂಟರ್ ಬಂದು ಕೈಕೆಲಸವೆಲ್ಲ ಹಾಳಾಯ್ತು" ಎನ್ನುವವರನ್ನೂ ಕಂಡಿದ್ದೇನೆ. ಇಬ್ಬರೂ ಎರಡನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದವರು. ಕೀಪ್ ಅವರ ಬದುಕು ನೋಡಿ. ಮಣ್ಣು ಗೊತ್ತಿಲ್ಲದೆ ಕಂಪ್ಯೂಟರ್ ಮಾತ್ರ ಗೊತ್ತಿದ್ದರೆ ಅವರ ಪಾತ್ರೆಗಳು ಪರದೆ ಬಿಟ್ಟು ಇಳಿಯುತ್ತಿರಲಿಲ್ಲ. ಮಣ್ಣು ಮಾತ್ರ ಗೊತ್ತಿದ್ದರೆ ಆ ಹಿಮಗಡ್ಡೆಗಳು ಹುಟ್ಟುತ್ತಿರಲಿಲ್ಲ. ಎರಡನೆಯ ವಿದ್ಯೆಯನ್ನು ಅವರು ನಲವತ್ತರ ನಂತರ ಕಲಿತರು ಎಂಬುದನ್ನೂ ಗಮನಿಸಿ. ಹದಿನೇಳನೆಯ ವಯಸ್ಸಿನಲ್ಲಿ ಒಂದು ಕೋರ್ಸು ಆರಿಸಿದರೆ ಬದುಕೇ ಒಲೆಗೆ ಬಿದ್ದು ಗಟ್ಟಿಯಾಯಿತು ಎಂದು ಹೆದರುವ ಮಕ್ಕಳಿಗೂ ಅವರನ್ನು ಹೆದರಿಸುವ ಹಿರಿಯರಿಗೂ ಇದು ಹೇಳಬೇಕಾದ ಮಾತು. ಆ ವಯಸ್ಸಿನವರು ಹಸಿಮಣ್ಣು. ನೆನೆಸಿ ಮತ್ತೆ ನಾದಲು ಬೇಕಾದಷ್ಟು ಹೊತ್ತಿದೆ.

ಈ ದಾರಿಯಲ್ಲಿ ಆಸಕ್ತಿ ಇರುವವರಿಗೆ ನಮ್ಮಲ್ಲೂ ಜಾಗಗಳಿವೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪಿಂಗಾಣಿ ಮತ್ತು ಗಾಜಿನ ವಿನ್ಯಾಸ ಕಲಿಸುತ್ತಾರೆ. ಸೇರುವ ಮುನ್ನ ಅಲ್ಲಿಗೇ ಬರೆದು ವಿವರ ತಿಳಿದುಕೊಳ್ಳಿ.

ಯಂತ್ರವಿಲ್ಲದೆ ಈ ಭಾನುವಾರವೇ ಮಾಡಿನೋಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಜೇಡಿಮಣ್ಣನ್ನು ನಾದಿ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಮಾಡಿ. ಒಂದನ್ನು ಕೆಲವು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಇನ್ನೊಂದನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಹಸಿಯಾಗಿಯೇ ಇಡಿ. ಆಮೇಲೆ ಎರಡನ್ನೂ ಬೇರೆ ಬೇರೆ ಲೋಟದ ನೀರಿನಲ್ಲಿ ಬಿಡಿ. ಯಾವುದು ಬೇಗ ಕರಗುತ್ತದೆ? ಹಸಿಯದ್ದು ಎಂದು ಎಲ್ಲರೂ ಹೇಳುತ್ತಾರೆ. ನೋಡಿದರೆ ಕಲ್ಲಿನಂತೆ ಒಣಗಿದ್ದೇ ಗುಳ್ಳೆ ಬಿಡುತ್ತ ಪುಡಿಪುಡಿಯಾಗಿ ಉದುರುತ್ತದೆ, ಹಸಿ ಉಂಡೆ ಬಹಳ ಹೊತ್ತು ಹಾಗೇ ಕುಳಿತಿರುತ್ತದೆ. ಒಣಗಿದ ಮಣ್ಣಿನ ಸಂದುಗಳಿಗೆ ನೀರು ಒಮ್ಮೆಲೇ ನುಗ್ಗಿ, ಒಳಗಿದ್ದ ಗಾಳಿಯನ್ನು ಹೊರದಬ್ಬುತ್ತದೆ. ಹಸಿ ಮಣ್ಣಿನಲ್ಲಿ ಆ ಸಂದುಗಳೆಲ್ಲ ಮೊದಲೇ ನೀರಿನಿಂದ ತುಂಬಿರುತ್ತವೆ. ಮೂರನೇ ಲೋಟದಲ್ಲಿ ಒಡೆದ ಪಿಂಗಾಣಿಯ ಚೂರೊಂದನ್ನು ಹಾಕಿ, ಎಷ್ಟು ದಿನ ಬೇಕಾದರೂ ಕಾಯಿರಿ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ನಮ್ಮದು. ಕಂಪ್ಯೂಟರ್ ಬಂದ ಮೇಲೂ ಕುಂಬಾರನ ವರುಷವೇನೂ ಕಡಿಮೆಯಾಗಿಲ್ಲ. ದೊಣ್ಣೆ ಬೀಳುವ ಮುಂಚೆ, ಒಲೆ ಹೊತ್ತುವ ಮುಂಚೆ, ತಪ್ಪಿ ತಿದ್ದಿಕೊಳ್ಳಲು ಇನ್ನಷ್ಟು ಅವಕಾಶ ಸಿಕ್ಕಿದೆ, ಅಷ್ಟೇ.

ನಮ್ಮ ಮನೆಯ ಚೂರುಗಳಲ್ಲಿ ಒಂದನ್ನು ಮೊಮ್ಮಗಳು ಲೋಟದ ನೀರಿಗೆ ಹಾಕಿ ಕಿಟಕಿಯಲ್ಲಿ ಇಟ್ಟಿದ್ದಾಳೆ. ಹನ್ನೊಂದು ದಿನವಾಯಿತು. ದಿನವೂ ಬೆಳಿಗ್ಗೆ ಬೆರಳಾಡಿಸಿ ನೋಡುತ್ತಾಳೆ. "ಇನ್ನೂ ಗಟ್ಟೀನೇ ಇದೆ ತಾತ" ಎನ್ನುತ್ತಾಳೆ. ಲೋಟ ತೆಗೆಯಲು ನಾನು ಹೇಳಿಲ್ಲ.