ನೋವಿಲ್ಲದ ಆಪತ್ತು

ಮನುಷ್ಯನನ್ನು ವೈದ್ಯರ ಬಾಗಿಲಿಗೆ ಕರೆದೊಯ್ಯುವುದು ನೋವು. ಹಲ್ಲು ನೊಂದರೆ ನಡುರಾತ್ರಿಯಲ್ಲೂ ಏಳುವ ನಾವು, ನೋಯದ ವ್ಯಾಧಿಯನ್ನು ನಾಳೆಗೆ ಮುಂದೂಡುತ್ತೇವೆ.

ಬೀದರಿನ ಗಾಂಧಿ ಗಂಜಿನ ಅಡತಿ ಅಂಗಡಿಯಲ್ಲಿ ಖಾತೆ ಬರೆಯುವ, ದಪ್ಪ ಕನ್ನಡಕದ ಗುಮಾಸ್ತರೊಬ್ಬರನ್ನು ಕಲ್ಪಿಸಿಕೊಳ್ಳಿ. ಒಂದು ಸಂಜೆ ಕಣ್ಣಂಚಿನಲ್ಲಿ ಮಿಂಚು ಹೊಳೆದಂತಾಗುತ್ತದೆ. ಮಸಿ ಸಿಡಿದಂತೆ ಕಪ್ಪು ಚುಕ್ಕೆಗಳು ತೇಲುತ್ತವೆ. ಮರುದಿನ ಒಂದು ಪಕ್ಕದಿಂದ ತೆರೆ ಇಳಿದಂತೆ ನೆರಳು ಕವಿಯುತ್ತದೆ. ನೋವಿಲ್ಲ, ಕೆಂಪಿಲ್ಲ. “ಪೊರೆ ಬಂದಿರಬೇಕು. ಹಣ್ಣಾಗಲಿ, ತೊಗರಿಯ ಆವಕ ಮುಗಿದ ಮೇಲೆ ನೋಡೋಣ” ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಈ ಸಮಾಧಾನಕ್ಕೂ ಕಾರಣವುಂಟು. 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಪೊರೆ ತೆಗೆದು ಲಕ್ಷಾಂತರ ಜನರಿಗೆ ದೃಷ್ಟಿಯಿತ್ತ ನಾಡು ನಮ್ಮದು. ಪೊರೆ ಶಿಬಿರಕ್ಕಾಗಿ ಕಾಯಬಲ್ಲದು, ಅಕ್ಷಿಪಟಲ ಕಾಯಲಾರದು.

ಅಕ್ಷಿಪಟಲವೆಂದರೆ ಕಣ್ಣಿನ ಹಿಂಗೋಡೆಗೆ ಹೊಂದಿಕೊಂಡು ಬೆಳಕನ್ನು ಗ್ರಹಿಸುವ ತೆಳುಪದರ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ ಅದನ್ನು ಎಳೆಯುತ್ತದೆ. ಮಿಂಚು ಕಾಣುವುದು ಆ ಎಳೆತದಿಂದ. ಪದರ ಹರಿದರೆ ದ್ರವವು ಅದರ ಹಿಂದೆ ನುಗ್ಗಿ, ನೀರಿಳಿದ ಗೋಡೆಯಿಂದ ಸುಣ್ಣದ ಹಕ್ಕಳೆ ಏಳುವಂತೆ ಅದನ್ನು ಬಿಡಿಸುತ್ತದೆ. ಸಮೀಪದೃಷ್ಟಿ ಹೆಚ್ಚಿರುವವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ, ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೆ ಈ ಅಪಾಯ ಅಧಿಕ.

ಒಂದು ಕಾಲಕ್ಕೆ ಇದು ಅಸಾಧ್ಯ ವ್ಯಾಧಿಯೆನಿಸಿತ್ತು. ಹರಕನ್ನು ಹುಡುಕಿ ಮುಚ್ಚಿದರೆ ಪದರ ಮರಳಿ ಅಂಟುವುದೆಂದು 1920ರ ದಶಕದಲ್ಲಿ ಲೋಕಕ್ಕೆ ಮನಗಾಣಿಸಿದವರು ಸ್ವಿಟ್ಜರ್ಲೆಂಡಿನ ಜೂಲ್ ಗೋನಿನ್. ಇಂದಿಗೂ ಅದೇ ಸೂತ್ರ. ವೈದ್ಯರು ಹನಿ ಹಾಕಿ, ಪಾಪೆಯನ್ನು ಅಗಲಿಸಿ, ಪದರವನ್ನು ಅಂಚಿನವರೆಗೂ ಪರೀಕ್ಷಿಸುತ್ತಾರೆ. ಬರಿಯ ಹರಕಾದರೆ ಲೇಸರಿನಿಂದಲೋ ಅತಿಶೈತ್ಯದಿಂದಲೋ ಅದರ ಸುತ್ತ ಬೆಸೆಯುತ್ತಾರೆ. ಪದರ ಕಳಚಿದ್ದರೆ ಶಸ್ತ್ರಚಿಕಿತ್ಸೆ ಬೇಕು: ಕಣ್ಣಗುಡ್ಡೆಯ ಹೊರಗೆ ಪಟ್ಟಿ ಹೊಲಿಯುವುದು, ಇಲ್ಲವೆ ಲೋಳೆ ತೆಗೆದು ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುವುದು. ಅನಿಲ ತುಂಬಿಸಿಕೊಂಡವರು ವೈದ್ಯರು ಹೇಳಿದ ಭಂಗಿಯಲ್ಲೇ ತಲೆ ಇಟ್ಟಿರಬೇಕು. ಅದು ಕರಗುವವರೆಗೆ ವಿಮಾನ ಪ್ರಯಾಣ ಸಲ್ಲದು.

ಹತ್ತರಲ್ಲಿ ಎಂಟು-ಒಂಬತ್ತು ಕಣ್ಣುಗಳಲ್ಲಿ ಮೊದಲ ಶಸ್ತ್ರಚಿಕಿತ್ಸೆಗೇ ಪದರ ಅಂಟುತ್ತದೆ. ಆದರೆ ಅಂಟುವುದು ಬೇರೆ, ಕಾಣುವುದು ಬೇರೆ. ಅಕ್ಷರವನ್ನೂ ಮುಖವನ್ನೂ ಗುರುತಿಸುವ ನಡುಭಾಗ ಕಳಚುವ ಮುನ್ನ ಚಿಕಿತ್ಸೆ ದೊರೆತರೆ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ಕಳಚಿದ ಮೇಲೆ ಪೂರ್ಣವಾಗಿ ಮರಳುವುದು ಅಪರೂಪ. ಈ ಎರಡರ ನಡುವೆ ಇರುವುದು ಕೆಲವೊಮ್ಮೆ ಒಂದೆರಡು ದಿನಗಳ ಅಂತರ ಮಾತ್ರ. ಬೀದರಿನಿಂದ ಹೈದರಾಬಾದಿನ ದೊಡ್ಡ ನೇತ್ರಾಲಯಗಳಿಗೆ ಸುಮಾರು 150 ಕಿಲೋಮೀಟರು. ಅದು ಒಂದು ಬೆಳಗಿನ ಪ್ರಯಾಣ.

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮರೆಸುತ್ತದೆ. ಆದುದರಿಂದ ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಮನೆಯಲ್ಲಿ ಯಾರಾದರೂ ಮಿಂಚು, ಚುಕ್ಕೆ, ತೆರೆ ಎಂದರೆ, ಸುಗ್ಗಿಯಿರಲಿ ಮದುವೆಯಿರಲಿ, ಅಂದೇ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.