ಮೋಟಾರು ಮತ್ತು ಅರ್ಧಕುಕ್ಕುಟೀ ನ್ಯಾಯ

ಅಗ್ಗದ ಮೋಟಾರು ಹುಟ್ಟಿದಂದೇ ಬಡವ-ಬಲ್ಲಿದರ ಅಂತರವು ಅಳಿಯತೊಡಗಿತೆಂದು ನಮ್ಮ ಭಾಗದ ಕೆಲವು ವಿದ್ಯಾವಂತರು ಸಭೆಗಳಲ್ಲಿ ಸಾರುತ್ತಿರುವರು. ಯಂತ್ರ ಬಂದರೆ ಬೆಲೆ ಇಳಿಯುವದು, ಬೆಲೆ ಇಳಿದರೆ ಎಲ್ಲರ ಅಂಗಳದಲ್ಲಿಯೂ ವಾಹನ ನಿಲ್ಲುವದು ಎಂಬುದು ಅವರ ವಾದ. ಕೋಳಿಯ ಅರ್ಧವನ್ನು ಅಡಿಗೆಗೆ ಕೊಯ್ದು, ಉಳಿದರ್ಧವನ್ನು ತತ್ತಿಗಾಗಿ ಇಟ್ಟುಕೊಳ್ಳಬಯಸುವವನ ಜಾಣತನಕ್ಕೆ ಶಾಸ್ತ್ರಕಾರರು ಅರ್ಧಕುಕ್ಕುಟೀ ನ್ಯಾಯವೆಂದು ಹೆಸರಿಟ್ಟಿರುವರು. ಈ ವಾದವು ಅದೇ ಜಾತಿಯದು.

ಅಮೇರಿಕೆಯ ಹೆನ್ರಿ ಫೋರ್ಡನು 1908ರಲ್ಲಿ ಮಾರಾಟಕ್ಕೆ ತಂದ ‘ಟಿ’ ಮಾದರಿಯ ಗಾಡಿಗೆ 850 ಡಾಲರು ಬೆಲೆಯಿತ್ತು. 1913ರಲ್ಲಿ ಆತನು ತನ್ನ ಕಾರಖಾನೆಯಲ್ಲಿ ಕೆಲಸಗಾರನನ್ನು ಒಂದೆಡೆ ನಿಲ್ಲಿಸಿ, ಕೆಲಸವೇ ಅವನೆದುರಿಗೆ ಸರಿದು ಬರುವಂತೆ ಮಾಡಿದನು. ಹನ್ನೆರಡೂವರೆ ತಾಸು ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆಯು 93 ನಿಮಿಷಕ್ಕೆ ಇಳಿಯಿತು. ಹತ್ತು-ಹನ್ನೆರಡು ವರುಷಗಳಲ್ಲಿ ಬೆಲೆಯು 300 ಡಾಲರಿಗಿಂತ ಕೆಳಗೆ ಬಂದಿತು. ಇಷ್ಟನ್ನು ಎಲ್ಲರೂ ಹೇಳುವರು. ಮುಂದಿನದನ್ನು ನುಂಗಿಕೊಳ್ಳುವರು. ದಿನವಿಡೀ ಒಂದೇ ತಿರುಪನ್ನು ತಿರುವಿ ಬೇಸತ್ತ ಕೆಲಸಗಾರರು ಗುಂಪುಗುಂಪಾಗಿ ಬಿಟ್ಟುಹೋದರು. ಅವರನ್ನು ಉಳಿಸಿಕೊಳ್ಳಲು 1914ರ ಜನವರಿಯಲ್ಲಿ ದಿನದ ಪಗಾರವನ್ನು ಇಮ್ಮಡಿಗೂ ಮೀರಿಸಿ 5 ಡಾಲರೆಂದು ಸಾರಿ, ದುಡಿಮೆಯನ್ನು 9 ತಾಸಿನಿಂದ 8ಕ್ಕೆ ಇಳಿಸಬೇಕಾಯಿತು. ಇದು ದಯೆಯಲ್ಲ. ಆ ಪಗಾರಕ್ಕೆ ಕೂಲಿಕಾರನು ಯೋಗ್ಯನೋ ಎಂದು ಅವನ ಮನೆಗೇ ಹೋಗಿ ನಡತೆಯನ್ನು ಪರೀಕ್ಷಿಸುವ ಜನರನ್ನೂ ಆತನು ನೇಮಿಸಿದ್ದನು! ಆದರೂ ಮೋಟಾರನ್ನು ಮಾಡುವವನು ಅದನ್ನು ಕೊಳ್ಳಬಲ್ಲವನಾದನು. 1927ರೊಳಗೆ ಒಂದೂವರೆ ಕೋಟಿ ಗಾಡಿಗಳು ಹೊರಬಿದ್ದುದರ ಗುಟ್ಟು ಯಂತ್ರದಲ್ಲಿ ಎಷ್ಟೋ ಕೂಲಿಯಲ್ಲಿಯೂ ಅಷ್ಟೇ.

ನಮ್ಮಲ್ಲಿ ವಿಶ್ವೇಶ್ವರಯ್ಯನವರು 1935ರಲ್ಲಿ ಪಾಶ್ಚಾತ್ಯ ಕಾರಖಾನೆಗಳನ್ನು ಕಂಡು ಬಂದು ಸ್ವದೇಶೀ ಮೋಟಾರಿನ ಯೋಜನೆಯನ್ನು ಸಿದ್ಧಪಡಿಸಿದರು. ಅಂದಿನ ಆಂಗ್ಲ ಸರಕಾರವು ಕೈಹಿಡಿಯಲಿಲ್ಲ. ವಾಲಚಂದ ಹಿರಾಚಂದರ ಪ್ರೀಮಿಯರ್ ಕಂಪನಿಯು ಸ್ಥಾಪಿತವಾದುದು 1944ರಲ್ಲಿ. ಗಾಡಿ ಇಲ್ಲಿಯೇ ಆದರೆ ಅದರ ಕೂಲಿಯೂ ಇಲ್ಲಿಯೇ ಉಳಿಯುವದೆಂಬ ಸಾಮಾನ್ಯ ಲೆಕ್ಕವು ಆಳುವವರಿಗೆ ಬೇಕಾಗಿರಲಿಲ್ಲ. ಇನ್ನು ಬೆಲೆಯೊಂದೇ ಸಾಕೆನ್ನುವವರು ಟಾಟಾ ನ್ಯಾನೋವನ್ನು ನೆನೆಯಲಿ. ಲಕ್ಷ ರೂಪಾಯಿಯ ಗಾಡಿಯೆಂದು 2009ರಲ್ಲಿ ಪೇಟೆಗೆ ಬಂದ ಅದರ ತಯಾರಿಕೆಯು ಹತ್ತು ವರುಷ ತುಂಬುವ ಮೊದಲೇ ನಿಂತುಹೋಯಿತು.

ನಮ್ಮ ಸೀಮೆಯನ್ನೇ ನೋಡಿರಿ. ಶಹಾಬಾದದ ಫರಸಿಯು ದೇಶದ ಎಷ್ಟೋ ಮನೆಗಳಿಗೆ ನೆಲವಾಗಿದೆ. ವಾಡಿಯ, ಮಳಖೇಡದ ಸಿಮೆಂಟು ಎಷ್ಟೋ ಊರುಗಳಿಗೆ ಹೋಗುತ್ತಿದೆ. ಆ ಫರಸಿಯನ್ನು ಸೀಳುವವನು ಮಾತ್ರ ಸಂಜೆ ಟಂಟಂನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಚಿತ್ತಾಪುರದ ಹಾದಿ ಹಿಡಿಯುವನು. ಚಿಂಚೋಳಿ, ಸೇಡಂ ಕಡೆಯ ಕೂಲಿಕಾರನು ಬಿತ್ತನೆ ಮುಗಿದರೆ ಹೈದರಾಬಾದಿಗೋ ಮುಂಬಯಿಗೋ ಗುಳೆ ಹೋಗುವನು. ನಿಜಾಮರ ರೈಲ್ವೆಯು 1932ರಲ್ಲಿ 27 ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿತ್ತು. ಇಂದಿಗೂ ಅವನ ನಂಬುಗೆಯ ವಾಹನವೆಂದರೆ ಬಸ್ಸೇ, ಅದು ವೇಳೆಗೆ ಬಂದರೆ.

ಮುಂದಿನ ಸಭೆಯಲ್ಲಿ ಫೋರ್ಡನ ಹೆಸರೆತ್ತುವ ಮಹಾಶಯರು ಆತನ ಯಂತ್ರದ ವರ್ಣನೆಯನ್ನು ಅವಶ್ಯವಾಗಿ ಮಾಡಲಿ. ನಮ್ಮ ಕಲ್ಲುಗಣಿಯ ದಿನಗೂಲಿ ಎಷ್ಟು, ಆ ಕೂಲಿಯಲ್ಲಿ ಎಷ್ಟು ವರುಷ ದುಡಿದರೆ ಒಂದು ಗಾಡಿ ಬರುವದು ಎಂಬ ಲೆಕ್ಕವನ್ನೂ ಅಲ್ಲಿಯೇ ಕರಿಹಲಗೆಯ ಮೇಲೆ ಬರೆದು ತೋರಿಸಲಿ.